ಕೋಡಿ ಹರಿದ ನೀರು ಎಲ್ಲಿಗೆ ಹೋಗುತ್ತೆ?

ನಮ್ಮ ಹೋಬಳಿಯಲ್ಲಿ ನಾಲ್ಕು ಜನ ಸೇರಿ ನೀರಿನ ಮಾತು ಎತ್ತಿದರೆ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: ‘ಮಲೆನಾಡಲ್ಲಿ ಬಿದ್ದ ನೀರೆಲ್ಲ ಸುಮ್ನೆ ಸಮುದ್ರಕ್ಕೆ ಹೋಗಿ ಹಾಳಾಗ್ತೈತೆ. ಇತ್ಲಾಗೆ ತಿರುಗಿಸಿದ್ರೆ ನಾವೂ ಬದುಕ್ಕೊತೀವಿ.’ ಹಾಗೆ ಹೇಳುವವರನ್ನು ದೂರುವುದಿಲ್ಲ. ವರ್ಷಕ್ಕೆ 700 ಮಿ.ಮೀ. ಆಸುಪಾಸಿನ ಮಳೆಯಲ್ಲಿ ರಾಗಿ, ತೆಂಗು ನಂಬಿ ಕೂತ ಸೀಮೆ ನಮ್ಮದು. ನುಗ್ಗೇಹಳ್ಳಿಗೆ ಸಮೀಪದಲ್ಲೇ ಬಾಗೂರು-ನವಿಲೆ ಸುರಂಗದೊಳಗೆ ಹೇಮಾವತಿಯ ನೀರು ತುಮಕೂರಿನ ಕಡೆ ಹೋಗುತ್ತದೆ. ಕಾಲಡಿಯಲ್ಲಿ ನೀರು ಹಾದುಹೋಗುವ ಸಂಕಟ ನಮಗೆ ಗೊತ್ತು.

ನಮ್ಮ ಹಾಸನ ಜಿಲ್ಲೆಯಲ್ಲೇ ಈ ಮಾತಿಗೆ ಈಗ ದೊಡ್ಡ ರೂಪ ಬಂದಿದೆ. ಸಕಲೇಶಪುರದ ಆಚೆ ಘಟ್ಟದ ಅಂಚಿನಲ್ಲಿ ಹುಟ್ಟುವ ಎತ್ತಿನಹೊಳೆ ಪಶ್ಚಿಮಕ್ಕೆ ಇಳಿದು, ಗುಂಡ್ಯ ಹೊಳೆ, ಕುಮಾರಧಾರಾ ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿ ಕೂಡಿ, ಮಂಗಳೂರಿನ ಹತ್ತಿರ ಕಡಲಿಗೆ ಹೋಗುವ ನೀರು. ಅದರಲ್ಲಿ ಮುಂಗಾರಿನ ತಿಂಗಳುಗಳಲ್ಲಿ 24.01 ಟಿಎಂಸಿ ಎತ್ತಿ ಪೂರ್ವಕ್ಕೆ ತಿರುಗಿಸುವ ಯೋಜನೆಗೆ 2014ರಲ್ಲಿ ಶಂಕುಸ್ಥಾಪನೆಯಾಯಿತು. ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್ 6ರಂದು ಚಾಲನೆ ಕೊಟ್ಟರು. ಒಂದು ಟಿಎಂಸಿ ಅಂದರೆ 2,831 ಕೋಟಿ ಲೀಟರ್. ಲೆಕ್ಕ ನೀವೇ ಹಾಕಿಕೊಳ್ಳಿ.

ಯೋಜನೆ ಬೇಕೋ ಬೇಡವೋ ಎಂಬ ಜಗಳವನ್ನು ಬೇರೆಯವರು ಸಾಕಷ್ಟು ಆಡಿದ್ದಾರೆ. ನನ್ನನ್ನು ಕಾಡಿದ್ದು ಆ ‘ಹಾಳಾಗ್ತೈತೆ’ ಅನ್ನುವ ಒಂದು ಪದ. ನದಿ ಕಡಲು ಸೇರುವ ಜಾಗದಲ್ಲಿ ನೀರು ಏನು ಮಾಡುತ್ತೆ, ಯಾರ ಹೊಟ್ಟೆ ತುಂಬಿಸುತ್ತೆ ಅನ್ನುವುದನ್ನು ಬಯಲುಸೀಮೆಯ ನಾವು ನೋಡಿದವರಲ್ಲ. ಅದಕ್ಕೇ ಕುಮಟಾ ಕಡೆ ಹೋಗಿ ಅಘನಾಶಿನಿ ಅಳಿವೆಯನ್ನು ಸುತ್ತಿ, ಗೊತ್ತಿದ್ದವರ ಹತ್ತಿರ ಕೇಳಿಕೊಂಡು, ಓದಿಕೊಂಡು ಈ ಬರಹ.

ಕೆರೆ ಸಾಲಿನ ಲೆಕ್ಕ

ನಮಗೆ ತಿಳಿದ ಜಾಗದಿಂದಲೇ ಶುರು ಮಾಡೋಣ. ನಮ್ಮ ಕಡೆಯ ಹಳೆಯ ಕೆರೆಗಳು ಒಂಟಿಯಾಗಿಲ್ಲ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಹಳ್ಳದಲ್ಲಿ ಹರಿದು ಕೆಳಗಿನ ಊರಿನ ಕೆರೆಗೆ, ಅದು ತುಂಬಿದರೆ ಇನ್ನೂ ಕೆಳಗಿನದಕ್ಕೆ. ಕೋಡಿ ಬಿದ್ದ ದಿನ ಊರಿನವರು ಬಾಗಿನ ಕೊಟ್ಟು ಸಂಭ್ರಮಿಸುತ್ತಾರೆಯೇ ಹೊರತು ‘ಅಯ್ಯೋ, ನೀರು ಹಾಳಾಯ್ತು’ ಅನ್ನುವುದಿಲ್ಲ. ಮೇಲಿನ ಊರಿನವರು ಕೋಡಿಗೆ ಎರಡು ಸಾಲು ಕಲ್ಲಿಟ್ಟು ಎತ್ತರಿಸಿದರೆ ಕೆಳಗಿನ ಊರಿನವರು ದೊಣ್ಣೆ ಹಿಡಿದು ಬರುತ್ತಾರೆ. ಕೋಡಿಯ ನೀರಿಗೆ ಕೆಳಗೆ ಒಬ್ಬ ಹಕ್ಕುದಾರ ಇದ್ದೇ ಇರುತ್ತಾನೆ ಅನ್ನುವುದು ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ನದಿಯನ್ನೂ ಹಾಗೇ ನೋಡಿ. ಸಾಲಿನ ಕಟ್ಟಕಡೆಯ ಕೆರೆಯೇ ಅಳಿವೆ. ಅಲ್ಲಿ ಏರಿ ಇಲ್ಲ. ಒಂದು ಕಡೆಯಿಂದ ನದಿ ಸಿಹಿನೀರು ತುಂಬುತ್ತೆ, ಇನ್ನೊಂದು ಕಡೆಯಿಂದ ಕಡಲು ಉಪ್ಪುನೀರು ತುಂಬುತ್ತೆ. ಅಚ್ಚುಕಟ್ಟು ಕೂಡ ಉಂಟು. ಆದರೆ ಅದರಲ್ಲಿ ಭತ್ತದ ಜೊತೆ ಮೀನು, ಸಿಗಡಿ, ಏಡಿ, ಚಿಪ್ಪು, ಉಪ್ಪು ಎಲ್ಲ ಬೆಳೆಗಳೇ.

ಸಿಹಿ-ಉಪ್ಪು ಕೂಡುವ ಜಾಗ

ಅಘನಾಶಿನಿ ಶಿರಸಿಯ ಬಳಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಒಟ್ಟು ಸುಮಾರು 120 ಕಿ.ಮೀ. ಹರಿದು, ಗೋಕರ್ಣದ ದಕ್ಷಿಣಕ್ಕೆ ತದಡಿಯ ಹತ್ತಿರ ಕಡಲು ಸೇರುತ್ತದೆ. ವಿದ್ಯುತ್ತಿಗಾಗಲಿ ನೀರಾವರಿಗಾಗಲಿ ಈ ನದಿಗೆ ದೊಡ್ಡ ಅಣೆಕಟ್ಟು ಕಟ್ಟಿಲ್ಲ. ಹಾಗಾಗಿ ಕಟ್ಟದ ನದಿಯ ಅಳಿವೆ ಹೇಗಿರುತ್ತೆ ಎಂದು ನೋಡಲು ಇದಕ್ಕಿಂತ ಒಳ್ಳೆಯ ಜಾಗ ನಮ್ಮ ರಾಜ್ಯದಲ್ಲಿಲ್ಲ.

ಕಡಲು ದಿನಕ್ಕೆ ಎರಡು ಸಲ ಉಬ್ಬುತ್ತೆ, ಎರಡು ಸಲ ಇಳಿಯುತ್ತೆ. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಈ ಏರಿಳಿತ ಜೋರು, ಅಷ್ಟಮಿ ಆಸುಪಾಸಿನಲ್ಲಿ ಮಂದ. ಆ ಕರಾವಳಿಯಲ್ಲಿ ದೊಡ್ಡ ಉಬ್ಬರ ಅಂದರೆ ಒಂದೂವರೆ-ಎರಡು ಮೀಟರ್. ನಮ್ಮ ನೀರುಗಂಟಿ ತೂಬು ಎತ್ತಿ ಇಳಿಸುವ ಕೆಲಸವನ್ನು ಅಲ್ಲಿ ಚಂದ್ರ ಮಾಡುತ್ತಾನೆ ಅನ್ನಿ.

ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಉಪ್ಪುನೀರು ಭಾರ, ಸಿಹಿನೀರು ಹಗುರ. ಹಾಗಾಗಿ ಸಿಹಿನೀರು ಮೇಲೆ ಹೊರಕ್ಕೆ ಜಾರುತ್ತಿದ್ದರೆ ಉಪ್ಪುನೀರು ತಳದಲ್ಲಿ ಒಳಕ್ಕೆ ನುಗ್ಗುತ್ತೆ. ಮಳೆಗಾಲದಲ್ಲಿ ಹೊಳೆಯ ಕೈ ಮೇಲು. ಅಳಿವೆಯ ಬಾಯಿಯ ಹತ್ತಿರದವರೆಗೂ ನೀರು ಸಪ್ಪೆ. ಮಳೆ ನಿಂತು ಹೊಳೆ ಸಣ್ಣಗಾದ ಹಾಗೆ ಕಡಲು ಒಳಕ್ಕೆ ಬರುತ್ತಾ ಬರುತ್ತಾ ಏಪ್ರಿಲ್-ಮೇ ಹೊತ್ತಿಗೆ ಮೈಲಿಗಟ್ಟಲೆ ಒಳಗೂ ನೀರು ಉಪ್ಪಾಗುತ್ತೆ. ವರ್ಷಕ್ಕೊಮ್ಮೆ ಸಿಹಿಯಾಗಿ ವರ್ಷಕ್ಕೊಮ್ಮೆ ಉಪ್ಪಾಗುವ ಈ ತಿರುಗಣೆಗೆ ಹೊಂದಿಕೊಂಡೇ ಅಲ್ಲಿನ ಜೀವವೆಲ್ಲ ಇದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಇನ್ನೊಂದು ಕೆಲಸ ಕಣ್ಣಿಗೆ ಕಾಣುವುದಿಲ್ಲ. ಹೊಳೆ ತರುವ ಕೆಂಪು ನೀರಿನಲ್ಲಿ ತೇಲುವ ನುಣ್ಣನೆ ಜೇಡಿ ಸಿಹಿನೀರಿನಲ್ಲಿ ಸುಲಭಕ್ಕೆ ತಳ ಹಿಡಿಯುವುದಿಲ್ಲ. ಉಪ್ಪು ತಾಗಿದ ಕೂಡಲೇ, ಹಾಲಿಗೆ ಹುಳಿ ಹಿಂಡಿದ ಹಾಗೆ, ಕಣಕ್ಕೆ ಕಣ ಅಂಟಿ ಗಟ್ಟಿ ಕಟ್ಟಿ ತಳಕ್ಕೆ ಕೂರುತ್ತೆ. ಘಟ್ಟದ ಕಾಡಿನ ಎಲೆ ಕೊಳೆತ ಸಾರವೂ ಅದರ ಜೊತೆ. ನಮ್ಮ ಕೆರೆಯ ಗೋಡಿನ ಬೆಲೆ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ನಾವು ಗಾಡಿಯಲ್ಲೋ ಟ್ರ್ಯಾಕ್ಟರಿನಲ್ಲೋ ಹೊಲಕ್ಕೆ ಹೊಡೆಯುವ ಗೋಡನ್ನು, ಅಲ್ಲಿ ಹೊಳೆಯೇ ತಂದು ಹರಡಿ ಹೋಗುತ್ತೆ. ಇಳಿತದ ಹೊತ್ತು ನೋಡಿದರೆ ಕಪ್ಪು ಕೆಸರಿನ ಬಯಲು. ನನ್ನ ಜೊತೆ ಬಂದಿದ್ದ ನಮ್ಮೂರಿನವರು ‘ಏನಣ್ಣ, ಇಷ್ಟು ದೂರ ಈ ರಾಡಿ ನೋಡಾಕೆ ಕರ್ಕೊಂಡ್ ಬಂದಾ?’ ಎಂದರು. ಕೊಕ್ಕು ಊರಿ ಊರಿ ಆ ರಾಡಿಯಲ್ಲಿ ತಿನ್ನುತ್ತಿದ್ದ ಹಕ್ಕಿಗಳನ್ನು ತೋರಿಸಿದೆ. ಹುಳ ಇರುವಲ್ಲಿ ಹಕ್ಕಿ. ನೇಗಿಲ ಹಿಂದೆ ಬೆಳ್ಳಕ್ಕಿ ಬರುವುದೂ ಅದಕ್ಕೇ ಅಲ್ಲವೇ?

ಸಿಗಡಿಯ ಕಥೆ ಕೇಳಿದರೆ ಅಳಿವೆಯ ಬೆಲೆ ಇನ್ನೂ ಚೆನ್ನಾಗಿ ತಿಳಿಯುತ್ತೆ. ಸಿಗಡಿ ಮೊಟ್ಟೆ ಇಡುವುದು ಕಡಲಿನಲ್ಲಿ. ಕಣ್ಣಿಗೆ ಕಾಣದಷ್ಟು ಸಣ್ಣ ಮರಿಗಳು ಉಬ್ಬರದ ನೀರಿನ ಜೊತೆ ಅಳಿವೆಯ ಒಳಗೆ ಬರುತ್ತವೆ. ಇಲ್ಲಿ ಮೇವು ಹೇರಳ, ದೊಡ್ಡ ಮೀನಿನ ಕಾಟ ಕಡಿಮೆ, ಅಡಗಲು ಗಿಡದ ಬೇರು. ಕೆಲವು ತಿಂಗಳು ಬೆಳೆದು ಮತ್ತೆ ಕಡಲಿಗೆ. ಹಲವು ಜಾತಿಯ ಮೀನುಗಳೂ ಹೀಗೇ ಬಾಲ್ಯವನ್ನು ಅಳಿವೆಯಲ್ಲಿ ಕಳೆಯುತ್ತವೆ. ದೂರದ ಕಡಲಿನಲ್ಲಿ ಬೋಟಿನವರ ಬಲೆಗೆ ಬೀಳುವ ಮೀನಿನ ಒಟ್ಲುಪಾತಿ ಇಲ್ಲಿದೆ. ಒಟ್ಲುಪಾತಿಗೆ ನೀರು ಕಟ್ಟದೆ ನಾಟಿಗೆ ಪೈರು ಎಲ್ಲಿಂದ ತರುವುದು?

ಗಜನಿ ಗದ್ದೆ, ಕಗ್ಗ ಭತ್ತ

ನಮ್ಮಂಥ ಸಣ್ಣ ಹಿಡುವಳಿದಾರರು ಹೋಗಿ ನೋಡಲೇಬೇಕಾದದ್ದು ಇದು. ಅಳಿವೆಯ ಎರಡೂ ದಡದ ತಗ್ಗು ಗದ್ದೆಗಳಿಗೆ ಅಲ್ಲಿ ಗಜನಿ ಎನ್ನುತ್ತಾರೆ. ಉಬ್ಬರದ ಮಟ್ಟಕ್ಕಿಂತ ಕೆಳಗಿರುವ ಭೂಮಿ. ಸುತ್ತ ಮಣ್ಣಿನದೋ ಕಲ್ಲಿನದೋ ಒಡ್ಡು, ಒಡ್ಡಿನಲ್ಲಿ ಅಲ್ಲಲ್ಲಿ ಹಲಗೆ ಬಾಗಿಲಿನ ತೂಬು. ಇಳಿತದ ಹೊತ್ತಿಗೆ ಬಾಗಿಲು ತೆಗೆದರೆ ಒಳಗಿನ ನೀರು ಹೊರಗೆ, ಉಬ್ಬರದ ಹೊತ್ತಿಗೆ ಮುಚ್ಚಿದರೆ ಹೊರಗಿನ ಉಪ್ಪುನೀರು ಹೊರಗೇ.

ಮಳೆಗಾಲಕ್ಕೆ ಮುಂಚೆ ಗದ್ದೆಯನ್ನು ಒಣಗಿಸಿ ಹದ ಮಾಡುತ್ತಾರೆ. ಜೂನ್ ಮಳೆ ಸುರಿದಾಗ ಮಣ್ಣಿನ ಉಪ್ಪು ಕರಗುತ್ತೆ. ಪ್ರತಿ ಇಳಿತಕ್ಕೂ ಆ ನೀರನ್ನು ಹೊರಬಿಟ್ಟು, ಮಳೆಯಿಂದ ತೊಳೆದು, ಮತ್ತೆ ಹೊರಬಿಟ್ಟು, ಮಣ್ಣು ಸಾಕಷ್ಟು ಸಪ್ಪೆಯಾದ ಮೇಲೆ ಮೊಳಕೆ ಕಟ್ಟಿದ ಬೀಜ ಎರಚುವುದು. ಬೀಜ ಯಾವುದು ಅಂದಿರೋ? ಕಗ್ಗ. ಎತ್ತರದ, ಕೆಂಪಕ್ಕಿಯ ಹಳೆಯ ತಳಿ. ಸಾಮಾನ್ಯ ಭತ್ತ ಲೀಟರಿಗೆ ಎರಡು ಗ್ರಾಂ ಉಪ್ಪು ದಾಟಿದರೆ ಸೊರಗುತ್ತೆ. ಕಗ್ಗ ಅದಕ್ಕಿಂತ ಹೆಚ್ಚು ತಡೆಯುತ್ತೆ, ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಎದ್ದು ನಿಲ್ಲುತ್ತೆ. ಸರ್ಕಾರಿ ಗೊಬ್ಬರ ಇಲ್ಲ, ಔಷಧಿ ಇಲ್ಲ. ಹೊಳೆ ತಂದು ಹಾಕಿದ ಗೋಡೇ ಗೊಬ್ಬರ.

ಮಳೆಗಾಲ ಮುಗಿದು ಅಕ್ಟೋಬರ್-ನವೆಂಬರ್ ಹೊತ್ತಿಗೆ ಕೊಯ್ಲು. ತೆನೆ ಕೊಯ್ದು ಹುಲ್ಲಿನ ಬಹುಪಾಲನ್ನು ನೀರಿಗೇ ಬಿಡುತ್ತಾರೆ. ಆಮೇಲೆ ತೂಬಿನ ಆಟ ತಿರುಗುಮುರುಗು. ಉಬ್ಬರಕ್ಕೆ ಬಾಗಿಲು ತೆಗೆದರೆ ಸಿಗಡಿ, ಮೀನು ಮರಿಗಳು ಒಳಗೆ. ಕೊಳೆತ ಹುಲ್ಲೇ ಅವಕ್ಕೆ ಮೇವಿಗೆ ದಾರಿ. ಬೆಳೆದ ಮೇಲೆ ಇಳಿತದ ಹೊತ್ತು ತೂಬಿಗೆ ಬಲೆ ಕಟ್ಟಿ ಹಿಡಿಯುವುದು. ಮೀನಿನ ಹಿಕ್ಕೆ, ಉಳಿದ ಕಸ ಮುಂದಿನ ಕಗ್ಗಕ್ಕೆ. ಒಂದೇ ಗದ್ದೆ, ಎರಡು ಬೆಳೆ, ಕೊಂಡು ಹಾಕುವುದು ಏನೂ ಇಲ್ಲ. ಇಂಥ ಸಾಗುವಳಿ ಕೇರಳದಲ್ಲೂ ಇದೆ. ಕೊಚ್ಚಿ ಕಡೆ ಪೊಕ್ಕಾಳಿ, ಕಣ್ಣೂರು ಕಡೆ ಕೈಪಾಡ್. ಪೊಕ್ಕಾಳಿಗೆ 2008ರಲ್ಲೇ ಭೌಗೋಳಿಕ ಗುರುತು ಸಿಕ್ಕಿದೆ. ಗೋವಾದಲ್ಲಿ ಇಂಥ ಭೂಮಿಗೆ ಖಜಾನ್ ಎನ್ನುತ್ತಾರೆ.

ಒಡ್ಡಿನ ಮೇಲೆ ಸಿಕ್ಕ ಹಿರಿಯ ರೈತರೊಬ್ಬರಿಗೆ ನಮ್ಮ ಕೆರೆ ತೂಬಿನ ವಿಷಯ ಹೇಳಿದೆ. ನಕ್ಕರು. ‘ನಿಮ್ಮ ಬದಿಗೆ ನೀರು ಒಂದೇ ದಿಕ್ಕಿಗೆ ಹೋಗ್ತದೆ, ಮಾರಾಯ್ರೇ. ಇಲ್ಲಿ ದಿನಕ್ಕೆ ನಾಲ್ಕು ಸಲ ದಿಕ್ಕು ಬದಲು. ಒಬ್ಬ ನಿದ್ದೆ ಮಾಡಿದ್ರೆ ಇಡೀ ಗಜನಿಗೆ ಉಪ್ಪು’ ಎಂದರು. ಅದು ನಿಜ. ಗಜನಿಯಲ್ಲಿ ಒಬ್ಬೊಬ್ಬರ ಗದ್ದೆ ಬೇರೆ ಇದ್ದರೂ ಒಡ್ಡು ಎಲ್ಲರದು, ತೂಬು ಎಲ್ಲರದು. ಬಿತ್ತುವುದು, ಕೊಯ್ಯುವುದು, ನೀರು ಬಿಡುವುದು ಎಲ್ಲರೂ ಒಟ್ಟಿಗೇ ಆಗಬೇಕು.

ಆ ಒಟ್ಟು ಮುರಿದದ್ದೇ ಗಜನಿಯ ಸೋಲಿಗೆ ಕಾರಣ. 1970ರ ದಶಕದಲ್ಲಿ ಸರ್ಕಾರ ಗಟ್ಟಿ ಕಲ್ಲಿನ ಒಡ್ಡು ಕಟ್ಟಿಸಿತು. ಒಳ್ಳೆಯದೇ. ಆದರೆ ವರ್ಷಾ ವರ್ಷ ಊರೆಲ್ಲ ಸೇರಿ ಮಣ್ಣು ಹಾಕುವ ರೂಢಿ ಅಲ್ಲಿಗೆ ಸಡಿಲವಾಯಿತು. ನಮ್ಮಲ್ಲಿ ಕೆರೆಗಳು ಇಲಾಖೆಯ ಪಾಲಾದ ಮೇಲೆ ಏನಾಯಿತೋ ಹಾಗೇ. 1990ರ ಹೊತ್ತಿಗೆ ಸಿಗಡಿಗೆ ಚಿನ್ನದ ಬೆಲೆ ಬಂತು. ಗಜನಿಗಳು ಗುತ್ತಿಗೆಗೆ ಹೋದವು. ಗುತ್ತಿಗೆದಾರನಿಗೆ ವರ್ಷವಿಡೀ ಉಪ್ಪುನೀರು ಬೇಕು, ಭತ್ತ ಬೇಡ. 1994-95ರ ಸುಮಾರಿಗೆ ಸಿಗಡಿಗೆ ಬಿಳಿಚುಕ್ಕೆ ರೋಗ ಬಂದು ದೇಶದ ಕರಾವಳಿಯ ಉದ್ದಕ್ಕೂ ಕೊಳಗಳು ಖಾಲಿಯಾದವು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಕರಾವಳಿ ನಿಯಂತ್ರಣ ವಲಯದೊಳಗಿನ ವಾಣಿಜ್ಯ ಸಿಗಡಿ ಕೊಳಗಳನ್ನು ತೆಗೆಯಬೇಕೆಂದು ತೀರ್ಪು ಕೊಟ್ಟಿತು. ಹಳೆಯ ಪದ್ಧತಿಯ ಸಾಗುವಳಿಗೆ ಮಾತ್ರ ವಿನಾಯಿತಿ. ಅಷ್ಟರಲ್ಲಿ ಎಷ್ಟೋ ಗಜನಿಗಳಲ್ಲಿ ಒಡ್ಡು ಒಡೆದು, ಕಗ್ಗದ ಬೀಜವೇ ಕೈತಪ್ಪಿತ್ತು. ಮಾಣಿಕಟ್ಟೆಯಂಥ ಕೆಲವು ಕಡೆ ರೈತರು ಒಟ್ಟಾಗಿ ಕಗ್ಗವನ್ನು ಹಿಡಿದುಕೊಂಡಿದ್ದಕ್ಕೆ ಇಂದು ಬೀಜ ಉಳಿದಿದೆ. ಗುತ್ತಿಗೆಗೆ ಕೊಟ್ಟ ಹೊಲ ಸಾರ ಕಳೆದುಕೊಂಡು ವಾಪಸು ಬರುವುದನ್ನು ನಾವು ಶುಂಠಿಯಲ್ಲಿ ನೋಡಿದ್ದೇವೆ. ಅವರು ಸಿಗಡಿಯಲ್ಲಿ ನೋಡಿದರು.

ಚಿಪ್ಪಿನ ಬೆಳೆ

ಇಳಿತದ ಹೊತ್ತಿಗೆ ಸೊಂಟದ ನೀರಿನಲ್ಲಿ ನಿಂತು ಹೆಂಗಸರು, ಗಂಡಸರು ಕಾಲಿನಿಂದ ತಡವಿ ಕೈಯಿಂದ ಹೆಕ್ಕುವುದು ಬಳಚು, ಕಲ್ವ ಮುಂತಾದ ಚಿಪ್ಪುಜೀವಿಗಳನ್ನು. ಬಿತ್ತನೆ ಇಲ್ಲ, ಬಂಡವಾಳ ಇಲ್ಲ, ಒಂದು ಬುಟ್ಟಿ ಇದ್ದರೆ ಸಾಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನಿಗಳು 2008ರ ಸುಮಾರಿಗೆ ಹಾಕಿದ ಲೆಕ್ಕದ ಪ್ರಕಾರ ಅಘನಾಶಿನಿಯಲ್ಲಿ ವರ್ಷಕ್ಕೆ ಸುಮಾರು 22,000 ಟನ್ ಚಿಪ್ಪುಜೀವಿ ಹೆಕ್ಕುತ್ತಿದ್ದರು, ಆಗಿನ ಬೆಲೆಗೆ 5 ಕೋಟಿ 78 ಲಕ್ಷ ರೂಪಾಯಿ. ಎರಡು ಸಾವಿರಕ್ಕೂ ಹೆಚ್ಚು ಜನಕ್ಕೆ ನೇರ ದುಡಿಮೆ. ಭೂಮಿ ಇಲ್ಲದ ಮನೆಗಳಿಗೂ ಇದು ಹೊಲವೇ. ಕೆಸರಿನ ಕೆಳಗಿನ ಹಳೆಯ ಖಾಲಿ ಚಿಪ್ಪಿಗೂ ಬೆಲೆ ಇದೆ. ಸುಣ್ಣಕ್ಕೆ ಹೋಗುತ್ತೆ.

ಅಘನಾಶಿನಿಗೆ ದಕ್ಷಿಣಕ್ಕೆ ಹೊನ್ನಾವರದಲ್ಲಿ ಶರಾವತಿ ಕಡಲು ಸೇರುತ್ತದೆ. ಅದೇ ಕಡಲು, ಅದೇ ಮಳೆ, ಅದೇ ಬಗೆಯ ಮಣ್ಣು. ಆದರೆ ಅಲ್ಲಿ ಚಿಪ್ಪಿನ ಬೆಳೆ ನೆಲಕಚ್ಚಿದೆ. ಏಕೆ? ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಕಟ್ಟಿದರು. 2000ದ ಈಚೆಗೆ ಗೇರುಸೊಪ್ಪೆಯ ಅಣೆಕಟ್ಟೂ ಸೇರಿತು. ವಿದ್ಯುತ್ತಿಗಾಗಿ ಬೇಸಿಗೆಯಲ್ಲೂ ಬಿಡದೆ ಸಿಹಿನೀರು ಹರಿದು ಬರುವುದರಿಂದ ಅಳಿವೆ ವರ್ಷವಿಡೀ ಸಪ್ಪೆಯಾಯಿತು. ಉಪ್ಪಿಗೆ ಕಾದಿದ್ದ ಚಿಪ್ಪುಜೀವಿಗಳು ಸತ್ತವು, ಮೀನಿನ ಜಾತಿಗಳೂ ಕಡಿಮೆಯಾದವು. ನೀರು ಕಡಿಮೆಯಾಗಿದ್ದಕ್ಕಲ್ಲ, ಹೊತ್ತು ತಪ್ಪಿ ಬಂದದ್ದಕ್ಕೆ ಆದ ನಷ್ಟ ಇದು. ರಾಗಿ ಕೊಯ್ಲಿಗೆ ಬಂದಾಗ ಸುರಿಯುವ ಮಳೆಯನ್ನು ನಾವು ‘ಒಳ್ಳೆ ಮಳೆ’ ಅನ್ನುತ್ತೇವೆಯೇ? ಎಷ್ಟು ನೀರು ಅನ್ನುವುದರ ಜೊತೆ ಯಾವಾಗ ಅನ್ನುವುದೂ ಲೆಕ್ಕಕ್ಕೆ ಬರಬೇಕು. ಆ ತಿರುಗಣೆಯ ಮಾತನ್ನು ನೆನಪಿಟ್ಟುಕೊಳ್ಳಿ ಅಂದದ್ದು ಇದಕ್ಕೇ.

ನೀರು ಕಡಿಮೆಯಾದರೆ ಆಗುವುದು ಇನ್ನೊಂದು ಬಗೆ. ಉಪ್ಪು ಇನ್ನೂ ಒಳಕ್ಕೆ ಏರುತ್ತೆ, ಹೊಳೆ ದಂಡೆಯ ಬಾವಿ, ತೆಂಗಿನ ತೋಟಗಳಿಗೆ ಸವುಳು ತಟ್ಟುತ್ತೆ, ಗೋಡು ಬರುವುದಿಲ್ಲ, ಮರಳು ಬಾರದೆ ಕಡಲು ದಂಡೆಯನ್ನು ಕೊರೆಯುತ್ತೆ.

ಕಾಂಡ್ಲಾ ಗಿಡದ ಬೇಲಿ

ಅಳಿವೆಯ ಅಂಚಿನಲ್ಲಿ, ಒಡ್ಡಿನ ಹೊರಮೈಯಲ್ಲಿ ಬೆಳೆಯುವ ಗಿಡಗಳಿಗೆ ಕಾಂಡ್ಲಾ ಎನ್ನುತ್ತಾರೆ. ಕೆಲವು ಜಾತಿಗಳು ಬಿಳಲಿನಂಥ ಬೇರುಗಳನ್ನು ಕಾಲಿನ ಹಾಗೆ ಊರಿ ನಿಲ್ಲುತ್ತವೆ. ಉಪ್ಪಟ್ಟಿ ಅನ್ನುವ ಗಿಡ ಕೆಸರಿನಿಂದ ಮೇಲಕ್ಕೆ ಪೆನ್ಸಿಲಿನಂಥ ಬೇರು ಚುಚ್ಚಿ ಉಸಿರಾಡುತ್ತೆ, ಏಕೆಂದರೆ ಆ ಕೆಸರಿನೊಳಗೆ ಗಾಳಿ ಇಲ್ಲ. ಕಾಂಡ್ಲಾದ ಬೀಜ ಮರದ ಮೇಲೇ ಮೊಳೆತು ಕೋಲಿನ ಹಾಗೆ ನೇತಾಡಿ ಕೆಸರಿಗೆ ಬಿದ್ದು ನಾಟಿಕೊಳ್ಳುತ್ತೆ. ಈ ಗಿಡಗಳಿದ್ದ ಕಡೆ ಅಲೆಯ ಹೊಡೆತ ಒಡ್ಡಿಗೆ ತಾಗದೆ ಮುರಿಯುತ್ತೆ, ಬೇರಿನ ಬುಡದಲ್ಲಿ ಸಿಗಡಿ ಮರಿ ಅಡಗುತ್ತೆ. ಅರಣ್ಯ ಇಲಾಖೆ ಅಘನಾಶಿನಿಯಲ್ಲಿ ಇವನ್ನು ಬಹಳ ಕಡೆ ನೆಟ್ಟಿದೆ. ಆದರೆ ಎಲ್ಲೆಂದರಲ್ಲಿ ನೆಡುವುದು ನನಗೆ ಸರಿ ಕಾಣಲಿಲ್ಲ. ಚಿಪ್ಪು ಹೆಕ್ಕುವ ಬಯಲಿನ ಮೇಲೆ, ತೂಬಿನ ಬಾಯಲ್ಲಿ ಗಿಡ ಬಂದರೆ ಅಲ್ಲಿ ದುಡಿಯುವವರಿಗೆ ತೊಂದರೆಯೇ. ನೆಡುವ ಮೊದಲು ಅವರನ್ನು ಕೇಳಬೇಕು.

ನಮ್ಮ ನೀರಿನ ಕಡೆ ಬಾಯಿ

ಇದೆಲ್ಲ ಪಶ್ಚಿಮದ ಕಥೆ, ನಮಗೇನು ಅನ್ನಬೇಡಿ. ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ ಬಿದ್ದ ಮಳೆ ಕೊನೆಗೆ ಸೇರುವುದು ಕಾವೇರಿಯನ್ನು. ಅದಕ್ಕೂ ಒಂದು ಅಳಿವೆ ಇದೆ, ತಮಿಳುನಾಡಿನ ಪೂಂಪುಹಾರ್ ಹತ್ತಿರ. ಕಾವೇರಿಯ ಕವಲಾದ ಕೊಳ್ಳಿಡಂ ಕಡಲು ಸೇರುವ ಕಡೆ ಪಿಚ್ಚಾವರಂ ಎಂಬ ಕಾಂಡ್ಲಾ ಕಾಡಿದೆ. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಆ ಕಾಡಿನ ಮರೆಯಲ್ಲಿದ್ದ ಹಳ್ಳಿಗಳಿಗೆ ಆದ ಹಾನಿ ಬಯಲಿನಲ್ಲಿದ್ದ ಹಳ್ಳಿಗಳಿಗಿಂತ ಕಡಿಮೆ. ನಮ್ಮ ಹೇಮಾವತಿಯ ಗೋಡು ಒಂದು ಕಾಲಕ್ಕೆ ಅಲ್ಲಿಯವರೆಗೂ ಹೋಗುತ್ತಿತ್ತು. ಈಗ ಗೊರೂರು, ಕೃಷ್ಣರಾಜಸಾಗರ, ಮೆಟ್ಟೂರು ಎಂದು ದಾರಿಯುದ್ದಕ್ಕೂ ಅಣೆಕಟ್ಟಿನ ತಳದಲ್ಲಿ ಕೂರುತ್ತಿದೆ.

ಕಾವೇರಿ ನ್ಯಾಯಮಂಡಳಿಯ ತೀರ್ಪಿನ ಮಾತು ನಮ್ಮಲ್ಲಿ ಯಾರ ಬಾಯಲ್ಲಿ ಇಲ್ಲ ಹೇಳಿ? 2007ರಲ್ಲಿ 740 ಟಿಎಂಸಿಯನ್ನು ಹಂಚುವಾಗ ಕರ್ನಾಟಕಕ್ಕೆ 270, ತಮಿಳುನಾಡಿಗೆ 419. 2018ರಲ್ಲಿ ಸುಪ್ರೀಂ ಕೋರ್ಟು ನಮಗೆ 14.75 ಹೆಚ್ಚಿಸಿದ್ದೂ ಎಲ್ಲರಿಗೂ ಬಾಯಿಪಾಠ. ಅದೇ ಪಟ್ಟಿಯಲ್ಲಿ ಇನ್ನೆರಡು ಸಾಲು ಇವೆ. ಪರಿಸರ ರಕ್ಷಣೆಗೆ 10 ಟಿಎಂಸಿ, ತಪ್ಪಿಸಲಾಗದೆ ಕಡಲಿಗೆ ಹೋಗುವುದು 4 ಟಿಎಂಸಿ. ಅಂದರೆ ರಾಜ್ಯಗಳಂತೆ ನದಿಗೂ ಒಂದು ಪಾಲು ಎಂದು ಕಾಗದದ ಮೇಲೆ ಒಪ್ಪಿದ್ದಾರೆ. 740ರಲ್ಲಿ 14, ನೂರಕ್ಕೆ ಎರಡೂ ಇಲ್ಲ. ಸಾಕೋ ಸಾಲದೋ ಎಂದು ಕೇಳಿದರೆ ನನ್ನ ಲೆಕ್ಕದಲ್ಲಿ ಸಾಲದು. ಆದರೂ ‘ಕಡಲಿಗೆ ಹೋದದ್ದೆಲ್ಲ ಹಾಳು’ ಎಂಬ ಮಾತಿಗೆ ಆ ಎರಡು ಸಾಲು ಉತ್ತರ ಕೊಡುತ್ತವೆ.

ಪಶ್ಚಿಮದ ಹೊಳೆಗಳನ್ನು ತಿರುಗಿಸುವಾಗಲೂ ಇದೇ ಪ್ರಶ್ನೆ ಕೇಳಬೇಕು. ಯಾವ ತಿಂಗಳಲ್ಲಿ ಎಷ್ಟು ಕೆಳಗೆ ಬಿಡುತ್ತೀರಿ? ಅದನ್ನು ಅಳೆಯುವವರು ಯಾರು? ಮಳೆ ಕೈಕೊಟ್ಟ ವರ್ಷ ಮೊದಲು ಯಾರ ಪಾಲು ಕಡಿತ? ನಮ್ಮ ಕಾಲುವೆಯ ಕೊನೆ ತೂಬಿನ ರೈತ ಪ್ರತಿ ವರ್ಷ ಇಂಜಿನಿಯರನ್ನು ಕೇಳುವುದೂ ಇವೇ ಪ್ರಶ್ನೆಗಳನ್ನು. ಉತ್ತರ ಅವನಿಗೇ ಸಿಕ್ಕಿಲ್ಲ, ಇನ್ನು ಅಳಿವೆಯ ಚಿಪ್ಪು ಹೆಕ್ಕುವ ಹೆಂಗಸಿಗೆ ಸಿಗುತ್ತದೆಯೇ ಅನ್ನುವ ಅನುಮಾನ ನನಗಿದೆ.

ಸರ್ಕಾರದ ಪಟ್ಟಿಯಲ್ಲಿ ಅಘನಾಶಿನಿಗೆ ಈಗ ಒಂದು ಹೆಸರು ಬಂದಿದೆ. 2006ರ ಸುಮಾರಿಗೆ ತದಡಿಯಲ್ಲಿ 4,000 ಮೆಗಾವಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಬರುವುದಿತ್ತು, ಜನ ಬಿಡಲಿಲ್ಲ. 2024ರ ಜನವರಿಯಲ್ಲಿ 4,801 ಹೆಕ್ಟೇರ್ ಅಳಿವೆ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗುಭೂಮಿಗಳ ಪಟ್ಟಿಗೆ ಸೇರಿತು. ಆರರಿಂದ ಏಳೂವರೆ ಸಾವಿರ ಕುಟುಂಬಗಳು ಇದನ್ನು ನಂಬಿವೆ ಎಂದು ಆಗ ಹೇಳಿದರು. ಅದೇ ಹೊತ್ತಿಗೆ ನಮ್ಮ ರಾಜ್ಯದ ಇನ್ನೆರಡು ಜಾಗ ಆ ಪಟ್ಟಿ ಸೇರಿದವು. ಒಂದು ಗದಗ ಜಿಲ್ಲೆಯ ಮಾಗಡಿ ಕೆರೆ, ಇನ್ನೊಂದು ಹಗರಿಬೊಮ್ಮನಹಳ್ಳಿ ಹತ್ತಿರದ ಅಂಕಸಮುದ್ರ ಕೆರೆ. ಎರಡೂ ಹಿಂದಿನವರು ಬೇಸಾಯಕ್ಕೆಂದು ಕಟ್ಟಿದ ಕೆರೆಗಳೇ. ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಹಿಮಾಲಯದ ಆಚೆಯಿಂದ ಪಟ್ಟೆತಲೆ ಬಾತುಗಳು ಬರುತ್ತವೆ. ಹಾಗಾಗಿ ಜೌಗುಭೂಮಿ ಅಂದರೆ ಕಡಲ ದಂಡೆಯಲ್ಲೇ ಇರಬೇಕು ಅಂತಿಲ್ಲ. ನಮ್ಮೂರ ಕೆರೆಯ ಹಿನ್ನೀರಿನ ಜೊಂಡು, ಕೋಡಿ ಹಳ್ಳದ ಒದ್ದೆ ನೆಲ ಕೂಡ ಅದೇ ಜಾತಿ. ಅದನ್ನು ಒತ್ತುವರಿ ಮಾಡಿ ಸಸಿ ನೆಟ್ಟವರಿಗೆ ಇದು ಹಿಡಿಸಲಿಕ್ಕಿಲ್ಲ.

ಕಗ್ಗವನ್ನು ನಮ್ಮ ಕಡೆ ಬೆಳೆಯಬಹುದೇ?

ತಿರುಗಾಡಿ ಬಂದ ಮೇಲೆ ಹೆಚ್ಚು ಜನ ಕೇಳಿದ ಪ್ರಶ್ನೆ ಇದು. ಕಾಲುವೆ ನೀರು ನಿಂತು ಚೌಳು ಹಿಡಿದ ಗದ್ದೆಗಳು ಅಲ್ಲಲ್ಲಿ ಇರುವುದರಿಂದ ಕೇಳಿದ್ದರಲ್ಲಿ ತಪ್ಪಿಲ್ಲ. ನನ್ನ ಉತ್ತರ: ಅದನ್ನು ನಂಬಿ ದುಡ್ಡು ಹಾಕಬೇಡಿ. ಕಗ್ಗ ಉಪ್ಪು ತಡೆಯುವುದು ನಿಜ, ಆದರೆ ಅದಕ್ಕೂ ಮೊದಲು ಮಣ್ಣಿನ ಉಪ್ಪನ್ನು ತೊಳೆಯುವುದು ಮಳೆ. ಕುಮಟಾದಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಮೇಲೆ ಮಳೆ. ತೊಳೆದ ನೀರನ್ನು ಹೊರಕ್ಕೆಳೆಯಲು ದಿನಕ್ಕೆ ಎರಡು ಇಳಿತ. ನಮ್ಮಲ್ಲಿ ಎರಡೂ ಇಲ್ಲ. ಮೇಲಾಗಿ ನಮ್ಮ ಚೌಳು ಎಷ್ಟೋ ಕಡೆ ಕಡಲ ಉಪ್ಪಿನಂಥದ್ದಲ್ಲ, ಸೋಡದ ಅಂಶದ್ದು. ಒಣಗಿದರೆ ಕಲ್ಲು, ನೆನೆದರೆ ಅಂಟು. ಅದಕ್ಕೆ ಮೊದಲು ಮಣ್ಣು ಪರೀಕ್ಷೆ ಮಾಡಿಸಿ, ಬಸಿಗಾಲುವೆ ತೆಗೆದು, ಬೇಕಿದ್ದರೆ ಜಿಪ್ಸಂ, ಹಸಿರೆಲೆ ಗೊಬ್ಬರ ಕೊಟ್ಟು ಸರಿ ಮಾಡಿಕೊಳ್ಳಬೇಕು. ಹಿಡಿ ಬೀಜ ತಂದು ಮೂಲೆಯಲ್ಲಿ ಎರಚಿ ನೋಡುವವರು ನೋಡಲಿ, ಬೇಡ ಅನ್ನುವುದಿಲ್ಲ.

ಗಜನಿ ನೋಡಲು ಹೋಗುವವರು ಎರಡು ಸಲ ಹೋಗುವುದು ಲೇಸು. ಕಗ್ಗ ಹಸಿರಾಗಿ ನಿಂತಿರುವ ಆಗಸ್ಟ್-ಸೆಪ್ಟೆಂಬರಿನಲ್ಲಿ ಒಮ್ಮೆ, ತೂಬಿಗೆ ಬಲೆ ಕಟ್ಟಿ ಮೀನು ಹಿಡಿಯುವ ಜನವರಿ-ಫೆಬ್ರವರಿಯಲ್ಲಿ ಒಮ್ಮೆ. ಕುಮಟಾದಲ್ಲಿ ಇಳಿದರೆ ಬಸ್ಸು, ಆಟೋ ಸಿಗುತ್ತವೆ. ಹೊರಡುವ ಮುಂಚೆ ಪಂಚಾಂಗ ನೋಡಿಕೊಳ್ಳಿ. ಅಮಾವಾಸ್ಯೆ ಅಥವಾ ಹುಣ್ಣಿಮೆಗೆ ಹೊಂದಿಸಿದರೆ ಇಳಿತದಲ್ಲಿ ಕೆಸರು ಬಯಲು ಪೂರ್ತಿ ತೆರೆದಿರುತ್ತೆ, ಚಿಪ್ಪು ಹೆಕ್ಕುವವರೂ ಸಿಗುತ್ತಾರೆ.